ಹತ್ತಡಿ ಎತ್ತರದ ಮುಖ

ಬಾಯಿ ಸತ್ತ ಹುಡುಗಿ ಎಂದು ಊರೆಲ್ಲ ಅನ್ನುತ್ತಿದ್ದ ಪುಟ್ಟಿಗೆ ಮುಖ ತಿದ್ದುವ ಕೆಲಸ ಸಿಕ್ಕಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಗಿತ್ತು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳನ್ನು ಅಣ್ಣ ಕರೆತಂದು ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರಿಸಿ ಐದು ವರ್ಷವಾಗಿತ್ತು. ಅಲ್ಲಿ ಮಾತು ಬೇಕಿರಲಿಲ್ಲ. ಗಿರಾಕಿಗಳು ಫೋಟೋ ಕೊಟ್ಟು ಹೋಗುತ್ತಿದ್ದರು, ಅವಳು ಮೊಡವೆ ಅಳಿಸುತ್ತಿದ್ದಳು, ಮುಚ್ಚಿದ ಕಣ್ಣು ತೆರೆಸುತ್ತಿದ್ದಳು, ಗಲ್ಲದ ಕೆಳಗಿನ ಇನ್ನೊಂದು ಗಲ್ಲವನ್ನು ಕತ್ತರಿಸಿ ಎಸೆಯುತ್ತಿದ್ದಳು.

ಆ ಕೆಲಸದಲ್ಲಿ ಒಂದು ಗುಟ್ಟಿತ್ತು. ತೀರಿಕೊಂಡ ತಂದೆಯ ಹಳೇ ಫೋಟೋ ತರುತ್ತಾರೆ, ಅದರಲ್ಲಿ ಬಾಯಿಯ ಜಾಗವನ್ನು ಗೆದ್ದಲು ತಿಂದಿರುತ್ತದೆ. ಆಗ ಮಗನನ್ನೇ ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆದು, ಅವನ ಬಾಯನ್ನು ತಂದೆಗೆ ಅಂಟಿಸುವುದು. ಬೆಳಕೊಂದು ಹೊಂದಿದರೆ ಸಾಕು, ಮನೆಯವರೂ ಗುರುತು ಹಿಡಿಯುವುದಿಲ್ಲ. "ಅಯ್ಯೋ, ಥೇಟ್ ಅಪ್ಪನೇ!" ಎಂದು ಅಳುತ್ತಾರೆ. ಈ ಕೈಚಳಕದಲ್ಲಿ ಪುಟ್ಟಿ ಯಜಮಾನನನ್ನೂ ಮೀರಿಸಿದ್ದಳು. ಅವನು ಮಾತ್ರ ಅವಳನ್ನು ಮೂಕಿ ಎಂದೇ ಕರೆಯುತ್ತಿದ್ದ.

ಆ ತಿಂಗಳು ಊರಿನ ಬಾಯಲ್ಲಿ ಇದ್ದದ್ದು ಒಂದೇ ಮಾತು. ಫುಟ್‌ಬಾಲ್ ತಂಡದ ಮೂವರು, ಅವರಲ್ಲೊಬ್ಬ ಕ್ಯಾಪ್ಟನ್ನೇ, ಕಪ್ ಗೆದ್ದ ರಾತ್ರಿ ಹೋಟೆಲಿನ ಕೋಣೆಯಲ್ಲಿ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದರೆಂದು ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿತ್ತು. ಹುಡುಗಿಯ ಹೆಸರನ್ನಾಗಲಿ ಮುಖವನ್ನಾಗಲಿ ಯಾರೂ ತೋರಿಸಬಾರದು ಎಂದು ಕೋರ್ಟು ಹೇಳಿತ್ತು. ಹಾಗಾಗಿ ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಎಂಥವಳೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಪುಟ್ಟಿಯ ಮನೆಯಲ್ಲೂ ಬೆಳಗಾದರೆ ಅದೇ. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ತಂಡದ ಅಭಿಮಾನಿ ಸಂಘದ ಸದಸ್ಯ. ಅತ್ತಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಅವಳ ಬಾಯಿಗೆ ಬೀಗವಿರಲಿಲ್ಲ.

"ರಾತ್ರಿ ಹನ್ನೊಂದಕ್ಕೆ ಹೋಟೆಲ್ ರೂಮಿಗೆ ಹೋದೋಳು ಮಗ್ಗಿ ಕಲಿಯೋಕೆ ಹೋಗಿದ್ಲಾ?" ಎಂದ ಅಣ್ಣ, ಶೂ ಹಾಕಿಕೊಳ್ಳುತ್ತ. "ಎರಡು ಕೈ ಸೇರಿದ್ರೆ ತಾನೇ ಚಪ್ಪಾಳೆ?"

"ಒಂದೇ ಕೈ ಕೆನ್ನೆಗೆ ಬಿದ್ರೂ ಸದ್ದಾಗುತ್ತೆ ಕಣ್ರೀ," ಎಂದಳು ಅತ್ತಿಗೆ ಒಳಗಿನಿಂದ.

"ಮುಳ್ಳಿನ ಮೇಲೆ ಬಟ್ಟೆ ಬಿದ್ರೂ, ಬಟ್ಟೆ ಮೇಲೆ ಮುಳ್ಳು ಬಿದ್ರೂ ಹರಿಯೋದು ಬಟ್ಟೆನೇ. ಹಿರಿಯರು ಸುಮ್ನೆ ಹೇಳಿದ್ರಾ?"

"ಹರಿಯೋದು ಬಟ್ಟೆ ಅಂತ ಅಷ್ಟು ಚೆನ್ನಾಗಿ ಗೊತ್ತಿದ್ಮೇಲೆ ಮುಳ್ಳನ್ನ ಯಾಕ್ರೀ ಹೆಗಲ ಮೇಲೆ ಹೊತ್ಕೊಂಡು ಮೆರವಣಿಗೆ ಮಾಡ್ತೀರಾ?"

ಪುಟ್ಟಿಗೆ ನಗು ಬಂತು. ಅಣ್ಣ ಅವಳತ್ತ ನೋಡಿದ. ಅವಳು ನಗುವನ್ನು ಲೋಟದೊಳಗೆ ಬಚ್ಚಿಟ್ಟಳು.

ಅದೇ ದಿನ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದ. ಬಿಳಿ ಪ್ಯಾಂಟು, ಕೈಯಲ್ಲಿ ಎರಡು ಫೋನು. ಚೌಕದಲ್ಲಿ ಕಟ್ಟಲು ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಫ್ಲೆಕ್ಸ್ ಬೇಕಿತ್ತು. ಬಲಗಡೆ ಕಪ್ ಹಿಡಿದ ಮೂವರು ಆಟಗಾರರು. ಎಡಗಡೆ ಮೇಲಿಂದ ಕೆಳಗಿನವರೆಗೆ ಹುಡುಗಿಯ ಮುಖ. ಅಡಿಯಲ್ಲಿ ಕೆಂಪಕ್ಷರ: "ಈ ಮುಖವನ್ನು ನೆನಪಿಡಿ."

"ಕೋರ್ಟ್ ಮೆಟ್ಟಿಲ ಹತ್ರ ಗಾಳಿಗೆ ಮುಖದ ಬಟ್ಟೆ ಸರೀತು ನೋಡಿ ಸಾರ್, ನಮ್ಮೋನೊಬ್ಬ ಫೋಟೋ ಹೊಡೆದೇಬಿಟ್ಟ," ಎಂದು ಅವನು ಹೆಮ್ಮೆಯಿಂದ ಫೋಟೋ ಕಳಿಸಿದ. ದೂರದಿಂದ ತೆಗೆದ ಸಣ್ಣ ಫೋಟೋ. ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು.

"ಮೂಕಿ, ಮುಖ ಕ್ಲೀನ್ ಮಾಡು. ಸಂಜೆಗೆ ಮೆಶೀನಿಗೆ ಹೋಗ್ಬೇಕು," ಎಂದ ಯಜಮಾನ.

ಪುಟ್ಟಿ ಗಂಟಲು ಸರಿಮಾಡಿಕೊಂಡಳು. "ಸಾರ್, ಮುಖ ತೋರಿಸ್ಬಾರ್ದು ಅಂತ ಕೋರ್ಟು..."

"ಓಹೋ! ಬಾಯಿ ಬಂತಲ್ಲಪ್ಪ!" ಯಜಮಾನ ಕಾರ್ಯದರ್ಶಿಯತ್ತ ತಿರುಗಿ ಕಣ್ಣು ಹೊಡೆದ. "ಕೋರ್ಟು ಹೇಳಿದ್ದು ಟಿವಿಯವರಿಗೆ ಕಣೇ, ಫ್ಲೆಕ್ಸಿನವರಿಗಲ್ಲ. ಒಂಬತ್ತನೇ ಕ್ಲಾಸಲ್ಲಿ ಕಾನೂನೂ ಕಲಿಸ್ತಾರಾ?"

ಇಬ್ಬರೂ ನಗುತ್ತ ಚಹಾ ಕುಡಿಯಲು ಹೋದರು.

ಪುಟ್ಟಿ ಫೋಟೋ ತೆರೆದಳು. ತನ್ನದೇ ವಯಸ್ಸಿನ ಹುಡುಗಿ. ಕೂದಲಿಗೆ ಪ್ಲಾಸ್ಟಿಕ್ ಕ್ಲಿಪ್ಪು. ಕ್ಯಾಮೆರಾ ಇರುವುದು ಗೊತ್ತಿಲ್ಲದೆ ಮೆಟ್ಟಿಲನ್ನು ನೋಡಿಕೊಂಡು, ಎಲ್ಲಿ ಎಡವುತ್ತೇನೋ ಎಂಬಂತೆ ಇಳಿಯುತ್ತಿದ್ದಾಳೆ. ನಾಳೆ ಬೆಳಿಗ್ಗೆ ಈ ಮುಖ ಹತ್ತಡಿ ಎತ್ತರಕ್ಕೆ ನಿಂತರೆ ಅವಳು ಹಾಲು ತರಲು ಅಂಗಡಿಗೂ ಹೋಗಲಾರಳು. ಕೆಲಸ ಒಲ್ಲೆ ಎನ್ನಬಹುದಿತ್ತು. ಎಂದರೆ ಯಜಮಾನನೇ ಕೂತು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ.

ಆಗ ಅವಳಿಗೆ ತನ್ನ ಗುಟ್ಟು ನೆನಪಾಯಿತು.

ಬಾಗಿಲಿನತ್ತ ಒಂದು ಕಣ್ಣಿಟ್ಟು ಶುರು ಮಾಡಿದಳು. ಕೂದಲು, ಕಿವಿ, ಕ್ಲಿಪ್ಪು ಹಾಗೇ ಇರಲಿ. ಒಳಗಿನ ಮುಖವನ್ನು ಮಾತ್ರ ಬದಲಿಸಬೇಕು. ಅಂಗಡಿಯಲ್ಲಿ ತೆಗೆದ ಪಾಸ್‌ಪೋರ್ಟ್ ಫೋಟೋಗಳ ಫೋಲ್ಡರಿನಿಂದ ಒಬ್ಬಳ ಕಣ್ಣು ತಂದಳು, ಬೆಳಕು ಹೊಂದಲಿಲ್ಲ. ಇನ್ನೊಬ್ಬಳ ಮೂಗು ತಂದಳು, ಅದು ಬೇರೆ ಕಡೆ ನೋಡುತ್ತಿತ್ತು. ಗಡಿಯಾರ ಓಡುತ್ತಿತ್ತು. ಆ ಫೋಲ್ಡರಿನಲ್ಲಿ ಸರಿಯಾದ ಬೆಳಕಿನಲ್ಲಿ, ತಾಳ್ಮೆಯಿಂದ ತೆಗೆದ ಫೋಟೋ ಇದ್ದದ್ದು ಒಂದೇ. ಹೋದ ತಿಂಗಳು ಅತ್ತಿಗೆಯ ಹೊಸ ಗುರುತಿನ ಚೀಟಿಗೆಂದು ಅವಳೇ ತೆಗೆದದ್ದು. ಗಲ್ಲ ಮಾತ್ರ, ಅಂದುಕೊಂಡಳು. ಗಲ್ಲ ಹೊಂದಿತು. ಗಲ್ಲಕ್ಕೆ ತುಟಿ ಹೊಂದಲಿಲ್ಲ, ತುಟಿಯನ್ನೂ ತಂದಳು. ಆಮೇಲೆ ಕಣ್ಣು.

ಅಷ್ಟು ದೊಡ್ಡ ಚಿತ್ರದಲ್ಲಿ ಕೆಲಸ ಮಾಡುವಾಗ ಪರದೆಯ ಮೇಲೆ ಮುಖ ಕಾಣುವುದಿಲ್ಲ. ರೆಪ್ಪೆಯ ಒಂದು ಮೂಲೆ, ತುಟಿಯ ಒಂದು ಅಂಚು, ಅಷ್ಟೇ. ಕೊನೆಯಲ್ಲಿ ಚಿತ್ರವನ್ನು ಚಿಕ್ಕದು ಮಾಡಿ ನೋಡಿದಾಗ, ಸರಿಯಾಗಿ ಬಂದಿದೆ ಅನ್ನಿಸಿತು. ಎಲ್ಲೂ ಅಂಟಿಸಿದ ಹಾಗೆ ಕಾಣಲಿಲ್ಲ, ದಿನಾ ನೋಡುವ ಮುಖದಷ್ಟು ಸಹಜವಾಗಿತ್ತು. ದಿನಾ ನೋಡುವ ಮುಖವೇ ಆದ್ದರಿಂದ ಹಾಗೆ ಎಂದು ಅವಳಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ ಬಂದು ಬೆನ್ನ ಹಿಂದೆ ನಿಂತ. ಪುಟ್ಟಿ ಪರದೆಯ ಮೇಲಿನ ಚಿತ್ರವನ್ನಲ್ಲ, ಅದರ ಗಾಜಿನಲ್ಲಿ ಕಂಡ ಅವನ ಕಣ್ಣನ್ನು ನೋಡುತ್ತಿದ್ದಳು.

"ಕ್ಯಾಪ್ಟನ್ ಕೆನ್ನೆ ಕಪ್ಪಾಗಿದೆಯಲ್ಲಮ್ಮಾ, ಸ್ವಲ್ಪ ಬೆಳ್ಳಗೆ ಮಾಡು. ಕಪ್ ಇನ್ನೂ ಹೊಳೀಬೇಕು."

ಅಷ್ಟೇ. ತಿಂಗಳಿಂದ ಉಗಿಯುತ್ತಿದ್ದ ಹುಡುಗಿಯ ಮುಖವನ್ನು ಅವನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಪುಟ್ಟಿ ಕಪ್ ಹೊಳೆಯುವಂತೆ ಮಾಡಿದಳು. ಅವಳ ಬದುಕಿನಲ್ಲಿ ಅಷ್ಟು ಗೆದ್ದಂತೆ ಅನ್ನಿಸಿದ ಸಂಜೆ ಇನ್ನೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತ ಚೌಕದ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟಳು. ಬಸ್ ನಿಲ್ದಾಣದ ಮೇಲೆ ಕಟ್ಟಿದ ಫ್ಲೆಕ್ಸಿನಿಂದ ಅತ್ತಿಗೆ ನೋಡುತ್ತಿದ್ದಳು. ಬೇರೆ ಹಣೆ, ಬೇರೆ ಕೂದಲು, ಆದರೆ ಕೆಳತುಟಿಯನ್ನು ಒಂದು ಬದಿಗೆ ಒತ್ತಿಕೊಂಡು, ಈಗ ಏನೋ ಅಂದೇಬಿಡುತ್ತೇನೆ ಎನ್ನುವ ಆ ಭಂಗಿ ಲೋಕದಲ್ಲಿ ಇನ್ನಾರಿಗೂ ಇರಲಿಲ್ಲ. ಕೆಳಗೆ ಕಾಲೇಜಿನವರು ನಿಂತು ಅದರ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬ ಹಾರಿ ಹಾರಿ ಅವಳ ಕೆನ್ನೆಗೆ ಹೊಡೆಯಲು ನೋಡುತ್ತಿದ್ದ. ಕೈ ಎಟುಕಲಿಲ್ಲ, ಉಗಿದ.

ಅತ್ತಿಗೆಗೆ ಫೋನ್ ಮಾಡಬೇಕು ಎಂದು ನಂಬರು ಒತ್ತಿದಳು. ಏನೆಂದು ಹೇಳುವುದು? ಮಧ್ಯಾಹ್ನ ಹೇಳೋಣ ಎಂದು ಫೋನ್ ಒಳಗಿಟ್ಟಳು. ಅವಳ ಹುಟ್ಟುಗುಣವೇ ಅದು.

ಮಧ್ಯಾಹ್ನದವರೆಗೆ ಊರು ಕಾಯಲಿಲ್ಲ. ಹತ್ತೂವರೆಗೆ ಇಬ್ಬರು ತರುಣರು ಔಷಧಿ ಅಂಗಡಿಗೆ ಬಂದು ತಲೆನೋವಿನ ಮಾತ್ರೆ ಕೇಳಿದರು. ಅತ್ತಿಗೆ ಮಾತ್ರೆ ತೆಗೆಯಲು ತಿರುಗಿದಾಗ ಒಬ್ಬ ಅವಳ ಫೋಟೋ ತೆಗೆದ. ಹನ್ನೊಂದಕ್ಕೆ ಆ ಫೋಟೋ ಫ್ಲೆಕ್ಸಿನ ಫೋಟೋದ ಪಕ್ಕದಲ್ಲಿ ಫೋನಿನಿಂದ ಫೋನಿಗೆ ಹಾರುತ್ತಿತ್ತು. ಮೇಲೆ ಬರೆದಿದ್ದರು: "ಸಿಕ್ಕಿದಳು." ಒಂದು ಗಂಟೆಗೆ ಅಂಗಡಿಯ ಮುಂದೆ ಮೂವತ್ತು ಜನ. ಅಂಗಡಿಯವನು ಅತ್ತಿಗೆಯನ್ನು ಗೋದಾಮಿನ ಬಾಗಿಲಿನಿಂದ ಹೊರಗೆ ಬಿಟ್ಟು, "ನಾಲ್ಕು ದಿನ ಮನೇಲಿರಮ್ಮಾ, ವ್ಯಾಪಾರದ ಜಾಗ ನೋಡು," ಎಂದ. ಏಳು ವರ್ಷ ಆ ಕೌಂಟರಿನಲ್ಲಿ ನಿಂತವಳು.

ಸಂಜೆ ಪುಟ್ಟಿ ಮನೆಗೆ ಓಡಿ ಬಂದಾಗ ಅತ್ತಿಗೆ ಚಾಪೆಯ ಮೇಲೆ ಕೂತಿದ್ದಳು. ದಾರಿಯಲ್ಲಿ ಯಾರೋ ಎಳೆದು ತೋಳಿನ ಹತ್ತಿರ ರವಿಕೆ ಹರಿದಿತ್ತು. ಅಣ್ಣ ಡಿಪೋದ ಎಣ್ಣೆಬಟ್ಟೆಯಲ್ಲೇ ಗೋಡೆಗೆ ಒರಗಿ ಫೋನನ್ನು ನೋಡುತ್ತಿದ್ದ. ಸಂಘದ ಗುಂಪಿನಲ್ಲಿ ಅವನ ಹೆಂಡತಿಯ ಮುಖ ನೂರಾ ಎಪ್ಪತ್ತನೇ ಸಲ ಬಂದಿತ್ತು. ಅದರಿಂದ ಕಣ್ಣು ತೆಗೆಯದೆಯೇ ಅವನು ಕೇಳಿದ.

"ಕಪ್ ಗೆದ್ದ ರಾತ್ರಿ ನೀನು ಎಲ್ಲಿದ್ದೆ?"

ಅತ್ತಿಗೆ ತಲೆ ಎತ್ತಿದಳು. ಬೆಳಗ್ಗೆಯಿಂದ ಉಗಿಸಿಕೊಂಡಾಗಲೂ ಬಿಳಿಚಿಕೊಳ್ಳದ ಅವಳ ಮುಖ ಈಗ ಬಿಳಿಚಿಕೊಂಡಿತು.

"ಏನಂದ್ರಿ?"

"ಕೇಳ್ದೆ ಅಷ್ಟೇ. ನಾನು ಅವತ್ತು ಊರಲ್ಲಿರ್ಲಿಲ್ಲ. ಜನ ಕೇಳ್ತಾರೆ, ಹೇಳೋಕೆ ನನಗೊಂದು ಮಾತು ಬೇಕಲ್ಲ."

"ಅಣ್ಣಾ!" ಎಂದಳು ಪುಟ್ಟಿ. ತನ್ನ ದನಿಗೆ ತಾನೇ ಬೆಚ್ಚಿದಳು. ಆಮೇಲೆ ತಡೆಯಲಿಲ್ಲ. ಕಾರ್ಯದರ್ಶಿ ಬಂದದ್ದು, ಕದ್ದು ತೆಗೆದ ಫೋಟೋ, ಗಲ್ಲ, ತುಟಿ, ಕಣ್ಣು, ಎಲ್ಲವನ್ನೂ ಹೇಳಿಬಿಟ್ಟಳು. "ಅತ್ತಿಗೆದು ಏನೂ ಇಲ್ಲ. ನಾನೇ ಮಾಡಿದ್ದು. ಆ ಹುಡುಗಿ ಬೇರೆ."

ಅಣ್ಣನ ಮುಖಕ್ಕೆ ಜೀವ ಬಂತು. ತಟ್ಟನೆ ಫೋನ್ ಎತ್ತಿದ. "ಇಷ್ಟೇನಾ! ಮೊದ್ಲೇ ಹೇಳಬಾರ್ದಾ ದರಿದ್ರದವಳೇ? ಈಗ್ಲೇ ಕಾರ್ಯದರ್ಶಿಗೆ ಹೇಳ್ತೀನಿ. ಆ ಫೋಟೋ ಅವನ ಫೋನಲ್ಲೇ ಇದೆ. ಇದನ್ನ ಕಿತ್ತು ಅದನ್ನ ಹಾಕ್ತಾರೆ, ಮುಗೀತು."

ಪುಟ್ಟಿ ಅವನ ಕೈಯನ್ನೇ ನೋಡುತ್ತ ನಿಂತಳು. ಒಬ್ಬಳನ್ನು ಎತ್ತಿದರೆ ಇನ್ನೊಬ್ಬಳು ಮುಳುಗುತ್ತಾಳೆ. ಎರಡು ಕಡೆಯೂ ಅವಳದೇ ಕೈ.

ಅತ್ತಿಗೆ ಎದ್ದು ಬಂದು ಫೋನಿನ ಮೇಲೆ ಅಂಗೈ ಇಟ್ಟಳು.

"ನಿಮ್ಮ ಹೆಂಡತಿ ಅಲ್ಲ ಅಂತ ಗೊತ್ತಾಯ್ತು. ಇನ್ನು ಯಾರಾದ್ರೂ ಆಗ್ಬಹುದು, ಅಲ್ವಾ?"

"ನಿನಗೋಸ್ಕರ ಕಣೇ ಮಾಡ್ತಿರೋದು!"

"ನನಗೋಸ್ಕರ ಆಗಿದ್ರೆ ಎಲ್ಲಿದ್ದೆ ಅಂತ ಕೇಳ್ತಿರ್ಲಿಲ್ಲ. ಮಾಡಿ, ಫೋನ್ ಮಾಡಿ. ಏನಂತ ಹೇಳ್ತೀರಾ? ಫ್ಲೆಕ್ಸಲ್ಲಿರೋದು ನನ್ನ ಹೆಂಡತಿ ಮೂತಿ, ಅಂಟಿಸಿದ್ದು ನನ್ನ ತಂಗಿ, ನಿಮ್ಮ ಕಣ್ಣಿಗೆ ಮಣ್ಣೆರಚಿದ್ದು ನಮ್ಮನೆಯವರೇ ಅಂತ ಹೇಳಿ. ಸಂಘದವರು ಹಾರ ಹಾಕ್ತಾರೆ."

ಅಣ್ಣನ ಬೆರಳು ಫೋನಿನ ಮೇಲೆ ನಿಂತಿತು. ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಸಂಘದಲ್ಲಿ ಅವನದು ಬಾವುಟ ಹಿಡಿಯುವ ಜಾಗ. ಡಿಪೋದಲ್ಲಿ ಅವನನ್ನು ಜನ ಕ್ಯಾಪ್ಟನ್ನಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅವನು ಫೋನನ್ನು ಜೇಬಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಅವನು ಯಾರಿಗೂ ಹೇಳಲಿಲ್ಲ. ಆ ಮುಖ ತನ್ನ ಹೆಂಡತಿಯದಲ್ಲ ಎಂದು ಚಹಾದಂಗಡಿಯಲ್ಲೂ ಹೇಳಲಿಲ್ಲ. ಕೇಳಿದವರಿಗೆ, "ಒಬ್ಬರ ಹಾಗೆ ಇನ್ನೊಬ್ಬರು ಇರಲ್ವಾ?" ಎಂದು ಗೊಣಗಿ ಬಗ್ಗಿಕೊಂಡು ಗಾಲಿ ಬಿಚ್ಚುತ್ತಿದ್ದ. ಕೋರ್ಟಿನ ಮೆಟ್ಟಿಲಿಳಿದ ಹುಡುಗಿಯನ್ನು ಕೊನೆಗೆ ಉಳಿಸಿದ್ದು ಪುಟ್ಟಿಯ ಕೈಚಳಕವಲ್ಲ, ಅತ್ತಿಗೆಯ ಮಾತೂ ಅಲ್ಲ. ನಗೆಪಾಟಲಾಗುತ್ತೇನೆ ಎಂಬ ಅಣ್ಣನ ಹೆದರಿಕೆ. ಅವನಿಗಿದ್ದ ಮರ್ಯಾದೆಯಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದೊಂದೇ.

ಹದಿಮೂರು ದಿನ ಫ್ಲೆಕ್ಸ್ ಇತ್ತು. ನಾಲ್ಕನೇ ದಿನ ಅತ್ತಿಗೆ ಮುಖಕ್ಕೆ ಸೆರಗನ್ನೂ ಮುಚ್ಚಿಕೊಳ್ಳದೆ ಕೆಲಸಕ್ಕೆ ಹೊರಟಳು. ಅಂಗಡಿಯವನು ಬೇಡವೆಂದ. ಬೇರೆ ಅಂಗಡಿಗೆ ಹೋದಳು, ಅವರೂ ಬೇಡವೆಂದರು. ಕೋರ್ಟಿನ ತೀರ್ಪು ಬಂತು: ಸಾಕ್ಷಿ ಸಾಲದು. ಮೂವರು ಆಟಗಾರರೂ ಹೂವಿನಲ್ಲಿ ಮುಳುಗಿ ತೆರೆದ ಜೀಪಿನಲ್ಲಿ ಆ ಚೌಕದಲ್ಲೇ ಹಾದುಹೋದರು. ಮೆರವಣಿಗೆ ಮುಗಿದ ಮೇಲೆ ಯಾರಿಗೂ ಆ ಮುಖ ಬೇಕಿರಲಿಲ್ಲ. ಕಸದ ಗಾಡಿಯವರು ಇಳಿಸಿ ಸುತ್ತಿಕೊಂಡು ಹೋದರು.

ಅಷ್ಟೂ ದಿನ ಅತ್ತಿಗೆ ಪುಟ್ಟಿಯ ಜೊತೆ ಮಾತಾಡಿರಲಿಲ್ಲ. ತಟ್ಟೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಅಷ್ಟೇ. ಆ ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಳು. ಪುಟ್ಟಿ ಎದುರು ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅತ್ತಿಗೆ, ತಪ್ಪಾಯ್ತು."

"ಯಾರನ್ನೋ ಉಳಿಸ್ಬೇಕು ಅನ್ನಿಸ್ತು, ಉಳಿಸಿದೆ. ತಪ್ಪಲ್ಲ." ಅತ್ತಿಗೆ ಕಲ್ಲೊಂದನ್ನು ಹೆಕ್ಕಿ ಬಾಗಿಲಾಚೆ ಎಸೆದಳು. "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು. ಕೇಳಿದ್ರೆ ಹೂಂ ಅಂತಿದ್ನೇನೋ. ನೀನೂ ಕೇಳ್ಲಿಲ್ಲ."

ಆ 'ನೀನೂ' ಪುಟ್ಟಿಗೆ ನಾಟಿತು. ಅವಳು ಹಿಡಿಯಲ್ಲಿದ್ದ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ಅತ್ತಿಗೆ ಇನ್ನೊಂದು ಹಿಡಿ ಅಕ್ಕಿ ಹರಡುತ್ತ ಕೇಳಿದಳು: "ನೋಡೋಕೆ ಹೇಗಿದ್ದಾಳೆ, ಆ ಹುಡುಗಿ?"

ತಿಂಗಳೆಲ್ಲ ನಡೆದ ಅಷ್ಟು ಮಾತಿನಲ್ಲಿ ಆ ಪ್ರಶ್ನೆಯನ್ನು ಹೀಗೆ ಕೇಳಿದವಳು ಅವಳೊಬ್ಬಳೇ. ಪುಟ್ಟಿಗೆ ಆ ಮುಖದ ಒಂದೊಂದು ಚೌಕವೂ ನೆನಪಿತ್ತು. ಎಡಗಣ್ಣಿನ ಕೆಳಗಿನ ಸಣ್ಣ ಮಚ್ಚೆಯೂ ನೆನಪಿತ್ತು.

"ಮರೆತುಹೋಯ್ತು ಅತ್ತಿಗೆ," ಎಂದಳು.

"ಒಳ್ಳೇದಾಯ್ತು ಬಿಡು," ಎಂದಳು ಅತ್ತಿಗೆ. "ನನ್ನದನ್ನೂ ಮರೆತಿದ್ರೆ ಚೆನ್ನಾಗಿತ್ತು."