ಕೆಳಗಿನ ತಟ್ಟೆಗೆ ನೀರು

ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಪ್.

ಮನೆಯೆಲ್ಲ ಮಲಗಿದ ಹೊತ್ತು. ಹೊಲಿಗೆ ಕೆಲಸ ಮಾಡುವ ಸೊಸೆಯ ನಿದ್ದೆ ಮೊದಲೇ ತೆಳು. ನಲ್ಲಿ ಸೋರುತ್ತಿದೆಯೇನೋ ಎಂದು ಎದ್ದು ಬಂದಳು. ನಲ್ಲಿ ಸುಮ್ಮನಿತ್ತು. ಸದ್ದು ಬರುತ್ತಿದ್ದುದು ಹೊಲಿಗೆ ಯಂತ್ರದ ಕೋಣೆಯಿಂದ. ಬಾಗಿಲ ಸಂದಿಯಲ್ಲಿ ಇಣುಕಿದಳು.

ಕಿಟಕಿಯ ಬಳಿ, ಟೊಮೆಟೊ ಸಸಿಗಳ ಡಬ್ಬಿಗಳ ಮುಂದೆ, ಮಾವ ಚೊಂಬು ಹಿಡಿದು ನಿಂತಿದ್ದರು. "ಕುಡೀರಪ್ಪಾ, ಕುಡೀರಿ" ಎಂದು ಪಿಸುಗುಟ್ಟುತ್ತ ಒಂದೊಂದಕ್ಕೂ ಧಾರಾಳವಾಗಿ ನೀರೆರೆಯುತ್ತಿದ್ದರು. ಡಬ್ಬಿ ತುಂಬಿ ಉಕ್ಕಿದ ನೀರು ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

ಸೊಸೆ ಹಾಗೆಯೇ ಹಿಂದೆ ಸರಿದಳು. ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾದು ನಿವೃತ್ತರಾದವರು ಮಾವ. ಈಗಲೂ ರಾತ್ರಿ ಎದ್ದು ಚಿಲಕಗಳನ್ನೆಲ್ಲ ಅಲ್ಲಾಡಿಸಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಆ ರಾತ್ರಿಯ ಸುತ್ತಾಟಕ್ಕೆ ಈಗ ಟೊಮೆಟೊಗಳೂ ಸೇರಿಕೊಂಡಿದ್ದವು.

ಹಗಲಲ್ಲಿ ಮಾತ್ರ ಅವರ ವರಸೆಯೇ ಬೇರೆ. "ಬೀಜಕ್ಕೆ ಮನೆಯೊಳಗೆ ಕೋಣೆ ಬೇರೆ! ಇನ್ನು ದಿಂಬು, ಹೊದಿಕೆ ಕೊಡೋದೊಂದು ಬಾಕಿ" ಎಂದು ನಗುತ್ತಿದ್ದರು.

ಆದರೆ ಅವು ಅಂಗಡಿಯ ಬೀಜಗಳಲ್ಲ. ತೀರಿಕೊಂಡ ಅತ್ತೆ ವರ್ಷವರ್ಷವೂ ಒಣಗಿಸಿ ಎತ್ತಿಡುತ್ತಿದ್ದ ಹಳದಿ ಟೊಮೆಟೊದವು. ಮಹಡಿಯ ಕುಂಡಗಳಲ್ಲಿ ಬಿತ್ತಿದಾಗ ಮಳೆ ಕೊಚ್ಚಿಕೊಂಡು ಹೋಯಿತು, ಉಳಿದದ್ದನ್ನು ಗುಬ್ಬಚ್ಚಿಗಳು ಕೆದಕಿದವು. ಅದಕ್ಕೇ ಈ ಸಲ ಒಳಗೆ ಬಿತ್ತಿದ್ದಳು. ಸೀಸೆಯಲ್ಲಿ ಇನ್ನೊಂದು ಚಿಟಿಕೆ ಮಾತ್ರ ಉಳಿದಿತ್ತು. ಅದೂ ಹೋದರೆ ಆ ತಳಿಯೇ ಇಲ್ಲ.

ಬೆಳಗ್ಗೆ ನೋಡಿದರೆ ಸಸಿಗಳೆಲ್ಲ ಮಗುಚಿ ಬಿದ್ದಿದ್ದವು. ಸೊಸೆ ಎದುರು ಮನೆಯ ನರ್ಸರಿ ಅಕ್ಕನನ್ನು ಕರೆದಳು. ಸಸಿ ಬೆಳೆಸುವುದೇ ಅವಳ ಕೆಲಸ.

"ಅಯ್ಯೋ, ಬುಡ ನೋಡೇ, ನೂಲಿನ ಹಾಗಾಗಿದೆ. ನೀರು ಜಾಸ್ತಿಯಾಗಿ ಕೊಳೆತಿದೆ. ಡಬ್ಬಿಗೆ ತೂತೂ ಇಲ್ಲ! ಯಾರು ನೀರು ಹಾಕ್ತಿದ್ದಿದ್ದು?"

ಮಾವನಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಇದ್ದಕ್ಕಿದ್ದಂತೆ ವಿಪರೀತ ಆಸಕ್ತಿ ಹುಟ್ಟಿತು.

"ನಾನೇ ಅಕ್ಕಾ" ಎಂದಳು ಸೊಸೆ. "ನನ್ನ ಕೈ ಸ್ವಲ್ಪ ಜೋರು."

ಮಾವ ತಿರುಗಿ ಅವಳನ್ನೇ ನೋಡಿದರು.

ಸಂಜೆ ಅಕ್ಕ ಗುಳಿಗುಳಿಯಾದ ಟ್ರೇ ಒಂದನ್ನು ತಂದಳು. ಪ್ರತಿ ಗುಳಿಯ ತಳದಲ್ಲೂ ಒಂದು ತೂತು. ತುಂಬಲು ಬರೀ ಮಣ್ಣಲ್ಲ. ತೆಂಗಿನ ನಾರಿನ ಪುಡಿಗೆ ಜರಡಿ ಹಿಡಿದ ಗೊಬ್ಬರ ಬೆರೆಸಿದ್ದು. ಕೆಳಗಿಡಲು ಅಗಲದ ತಟ್ಟೆ, ಮೇಲೆ ಮುಚ್ಚಲು ಪಾರದರ್ಶಕ ಮುಚ್ಚಳ.

"ಟ್ರೇ ಇಲ್ಲದಿದ್ರೆ ಮೊಸರಿನ ಕಪ್ಪಿಗೇ ತೂತು ಮಾಡ್ಕೊಂಡ್ರೂ ಆಗುತ್ತೆ" ಎಂದಳು. "ಮುಚ್ಚಳ ಮೊಳಕೆ ಬರೋವರೆಗೆ ಮಾತ್ರ. ಬಂದ ತಕ್ಷಣ ತೆಗೀರಿ, ಗಾಳಿ ಆಡಲಿ. ಮೇಲೊಂದು ದೀಪ ಬೇಕು."

"ಸೂರ್ಯನಿಗೇ ಸಹಾಯಕನ್ನ ಇಟ್ಟ ಹಾಗಾಯ್ತಲ್ಲ ತಾಯಿ!" ಎಂದರು ಮಾವ. "ನಮ್ಮವಳು ಇದ್ಯಾವುದೂ ಇಲ್ದೇನೇ ಬೆಳೀತಿದ್ಲು."

"ಅವ್ರಿಗೆ ಅಂಗಳ ಇತ್ತು ಯಜಮಾನ್ರೇ. ಹಗಲೆಲ್ಲ ಕಣ್ಣಿಟ್ಟು ಕಾಯ್ತಿದ್ರು. ನಿಮಗಿರೋದು ಒಂದು ಕಿಟಕಿ. ಒಂದೇ ಕಡೆಯಿಂದ ಬೆಳಕು ಬಂದ್ರೆ ಸಸಿ ಕತ್ತು ಚಾಚಿ ಚಾಚಿ ಸೊರಗುತ್ತೆ."

ಸೊಸೆ ಹೊಲಿಗೆ ಯಂತ್ರದ ಮೇಲಿನ ಎಲ್‌ಇಡಿ ಟ್ಯೂಬನ್ನು ಬಿಚ್ಚಿ, ಟ್ರೇಯ ಮೇಲೆ ಅರ್ಧ ಗೇಣು ಎತ್ತರದಲ್ಲಿ ತೂಗುಹಾಕಿದಳು. ಸಸಿ ಬೆಳೆದಂತೆ ಮೇಲೆತ್ತಲು ದಾರಕ್ಕೆ ಜಾರುಗಂಟು ಹಾಕಿದಳು.

"ರಾತ್ರಿ ದೀಪ ಆರಿಸಿಬಿಡಿ. ಅವುಕ್ಕೂ ನಿದ್ದೆ ಬೇಕು" ಎಂದಳು ಅಕ್ಕ.

"ರಾತ್ರಿ ಯಾರೂ ಎಬ್ಬಿಸಬಾರದಾ?" ಮಾವನ ದನಿ ಸಣ್ಣಗಿತ್ತು.

"ಎಬ್ಬಿಸ್ಲೂಬಾರದು, ನೀರೂ ಕೊಡಬಾರದು. ಬೆಳಗ್ಗೆ ಬೆರಳಿಟ್ಟು ನೋಡಿ. ಮೇಲ್ಮೈ ಒಣಗಿದ್ರೆ ಮಾತ್ರ ಕೆಳಗಿನ ತಟ್ಟೆಗೆ ನೀರು. ಬೇಕಾದಷ್ಟನ್ನ ಪುಡಿಯೇ ತೂತಿನಿಂದ ಹೀರ್ಕೊಳ್ಳುತ್ತೆ. ಅರ್ಧ ಗಂಟೆಯಾದ್ಮೇಲೆ ಉಳಿದದ್ದನ್ನ ಚೆಲ್ಲಿ."

ಸೊಸೆ ಮೆಲ್ಲಗೆ ಹೇಳಿದಳು: "ಹೊಲಿಗೆಗೆ ಕೂತರೆ ನನಗೆ ಲೋಕವೇ ಮರೆತುಹೋಗುತ್ತೆ. ಇದಕ್ಕೊಬ್ಬ ಕಾವಲುಗಾರ ಬೇಕು, ಮಾವ."

ಮಾವನ ಬೆನ್ನು ನೆಟ್ಟಗಾಯಿತು. "ಡ್ಯೂಟಿ ಏನೇನು, ಇನ್ನೊಂದ್ಸಲ ಹೇಳಿ ತಾಯಿ."

ಉಳಿದಿದ್ದ ಚಿಟಿಕೆ ಬೀಜವನ್ನೂ ಟ್ರೇಯಲ್ಲಿ ಬಿತ್ತಿದರು. ಸೀಸೆ ಖಾಲಿಯಾಯಿತು. ಆ ರಾತ್ರಿ ಸೊಸೆ ಕಿವಿ ತೆರೆದುಕೊಂಡೇ ಮಲಗಿದ್ದಳು. ಚಿಲಕಗಳ ಸದ್ದು ಒಂದೊಂದಾಗಿ ಬಂತು. ಹೆಜ್ಜೆಗಳು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತವು. ಅವಳು ಉಸಿರು ಬಿಗಿಹಿಡಿದಳು. ಹೆಜ್ಜೆಗಳು ಮುಂದೆ ಹೋದವು. ಚೊಂಬಿನ ಸದ್ದಿಲ್ಲ, ಟಪ್ ಎನ್ನುವ ಸದ್ದೂ ಇಲ್ಲ.

ವಾರ ಕಳೆಯುವಷ್ಟರಲ್ಲಿ ಮಾವ ಮನೆಯೇ ಹಾರಿಹೋಗುವಂತೆ ಕೂಗಿದರು. "ಬಂತು! ಬಂತು ಕಣಮ್ಮಾ!"

ಬಂದ ಮೊಳಕೆಗಳು ಈ ಸಲ ಬಿದ್ದುಹೋಗಲಿಲ್ಲ. ಗಿಡ್ಡಗೆ, ಗಟ್ಟಿಯಾಗಿ, ನೆಟ್ಟಗೆ ನಿಂತವು. ಆಮೇಲೆ ದಿನಕ್ಕಿಷ್ಟು ಹೊತ್ತು ಎಂದು ನೆರಳಿನಲ್ಲಿ, ಮತ್ತೆ ಎಳೆಬಿಸಿಲಿನಲ್ಲಿಟ್ಟು, ಹೊರಗಿನ ಗಾಳಿಗೆ ಒಗ್ಗಿಸಿದ ಮೇಲೇ ಕುಂಡಕ್ಕೆ ನೆಟ್ಟರು. ಬೇಸಗೆಯ ಹೊತ್ತಿಗೆ ಮಹಡಿಯ ತುಂಬ ಹಳದಿ ಹಣ್ಣು. ಸೀಸೆ ಮತ್ತೆ ಭರ್ತಿ. ಬೀದಿಯ ಮನೆಮನೆಗೂ ಒಂದೊಂದು ಸಸಿ. ಇನ್ನು ಆ ತಳಿ ಒಂದೇ ಸೀಸೆಯ ಹಂಗಿನಲ್ಲಿರಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಚಿಟಿಕೆ ಬೀಜ ಇದ್ದೀತು. ಅದೃಷ್ಟಕ್ಕೆ ಬಿಡಬೇಡಿ. ತೂತಿರುವ ಟ್ರೇ, ಹಗುರವಾದ ಪುಡಿ, ಹತ್ತಿರದಲ್ಲೊಂದು ದೀಪ, ಕೆಳಗೊಂದು ತಟ್ಟೆ, ಇಷ್ಟು ಹೊಂದಿಸಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ಬಿತ್ತಬೇಡಿ. ನೀರು ಹಾಕುವ ಮೊದಲು ಬೆರಳಿಟ್ಟು ನೋಡಿ.

ಅನುಮಾನವಿದ್ದರೆ ಮಾವನನ್ನೇ ಕೇಳಬಹುದು. ಮೆಟ್ಟಿಲ ಮೇಲೆ ಕೂತು, ಸಸಿ ಒಯ್ಯಲು ಬಂದವರಿಗೆಲ್ಲ ಪಾಠ ಹೇಳುತ್ತಾರೆ: "ಮೇಲಿಂದ ಸುರೀಬೇಡಿ, ಕೆಳಗಿನ ತಟ್ಟೆಗೆ ಹಾಕಿ. ನಮ್ಮ ಸೊಸೆ ಕೈ ಮೊದಲು ಬಹಳ ಜೋರಿತ್ತು. ನಾನೇ ತಿದ್ದಿದೆ!"

ಒಳಗೆ ಸೊಸೆ ಹೊಲಿಗೆ ನಿಲ್ಲಿಸಿ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೆ. ಆ ರಾತ್ರಿ ಕಂಡದ್ದನ್ನು ಯಾರಿಗೂ, ನರ್ಸರಿ ಅಕ್ಕನಿಗೂ, ಹೇಳುವುದಿಲ್ಲವೆಂದು ಅವಳು ತೀರ್ಮಾನಿಸಿಯಾಗಿದೆ.