ಅಮ್ಮನನ್ನು ಕೇಳದೆ ಕಾರು ಕೊಳ್ಳಲು ಹೊರಟ ಅ-ಕುನ್

ಪ್ರತಿ ಶನಿವಾರ ಆಸ್ಪತ್ರೆಗೆ ಹೊರಟಾಗ ಅ-ಕುನ್‌ನ ಸಂಸಾರ ಎರಡು ಪಾಲಾಗುತ್ತಿತ್ತು. ಅವನ ಬಳಿ ಇದ್ದದ್ದು ಮೀನು ಸಾಗಿಸುವ ನೀಲಿ ಗಾಡಿ. ಅದರಲ್ಲಿ ಎರಡೇ ಸೀಟು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದ್ದ ಅವನ ತಾಯಿ ಚಿನ್-ಯೆ. ಹೆಂಡತಿ ಯಾ-ರು ಮೂರು ವರ್ಷದ ಮಗಳು ತಾಂಗ್-ತಾಂಗ್‌ಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಮಳೆ ಬಂದರೆ ಇಬ್ಬರೂ ಒಂದೇ ರೈನ್‌ಕೋಟಿನೊಳಗೆ ತೂರಿಕೊಂಡು ಗಾಡಿಯ ಹಿಂದೆ ಬರುತ್ತಿದ್ದಳು. ಚಾವ್‌ಜೌ ಪಟ್ಟಣದ ಆಸ್ಪತ್ರೆಯಲ್ಲಿ ಅತ್ತೆಗೆ ವ್ಯಾಯಾಮ ಮಾಡಿಸಬೇಕಾದವಳು ಅವಳೇ. ಅ-ಕುನ್ ಅವರನ್ನು ಬಿಟ್ಟು ಮೀನಿನ ಕೊಳಗಳಿಗೆ ಓಡಬೇಕು, ಮಧ್ಯಾಹ್ನ ಕರೆತರಲು ಮತ್ತೆ ಓಡಬೇಕು.

ಜುಲೈ ತಿಂಗಳ ಒಂದು ಮಳೆಯ ಶನಿವಾರ, ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ ಸ್ಕೂಟರ್ ಜಾರಿತು. ಅ-ಕುನ್ ಕನ್ನಡಿಯಲ್ಲಿ ನೋಡಿದಾಗ ಹಳದಿ ರೈನ್‌ಕೋಟು ರಸ್ತೆಯ ಮೇಲೆ ಹರಡಿ ಬಿದ್ದಿತ್ತು. ಅದರೊಳಗೆ ಯಾರೂ ಅಲ್ಲಾಡುತ್ತಿರಲಿಲ್ಲ. ಅವನು ಗಾಡಿ ನಿಲ್ಲಿಸಿ ಓಡುವಷ್ಟರಲ್ಲಿ ಮಗು ಅಳತೊಡಗಿತು. ಆ ಅಳು ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. ಮಗುವಿನ ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಯಾ-ರುವಿನ ಮೊಣಕೈ ತರಚಿತ್ತು.

ಮನೆಗೆ ಬಂದ ಯಾ-ರು ಸ್ಕೂಟರಿನ ಕೀಲಿಯನ್ನು ಮೇಜಿನ ಮೇಲಿಟ್ಟು, "ಇನ್ಮೇಲೆ ನಾವೆಲ್ಲ ಒಟ್ಟಿಗೆ ಹೋಗ್ಬೇಕು. ಇಲ್ಲಾಂದ್ರೆ ನಾನು ಹೋಗಲ್ಲ" ಎಂದಳು.

ಕಾರು ಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು. ಯಾವ ಕಾರು ಎನ್ನುವುದು ಮಾತ್ರ ತೀರ್ಮಾನವಾಗಲೇ ಇಲ್ಲ.

ಅ-ಕುನ್ ನಾಲ್ಕು ಅಂಗಡಿಗಳಿಂದ ಹನ್ನೊಂದು ಪುಸ್ತಿಕೆ ತಂದ. ಎಲ್ಲದರ ಮೇಲೂ ನಗುತ್ತಿರುವ ಸಂಸಾರಗಳು. ಒಂದರಲ್ಲಿ ಎಂಜಿನ್ ಜೋರು, ಒಂದರಲ್ಲಿ ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಇನ್ನೊಂದಕ್ಕೆ ಪೆಟ್ರೋಲೇ ಬೇಡ, ಕರೆಂಟು ಸಾಕು. ಒಂದೇ ಹೆಸರಿನ ಕಾರಿನಲ್ಲಿ ಐದು ನಮೂನೆ. ಅವನು ಕೊಳದ ದಡದಲ್ಲಿ ಕುಳಿತು ಓದುತ್ತಿದ್ದ, ಊಟ ಮಾಡುತ್ತಾ ಓದುತ್ತಿದ್ದ. ಒಂದು ಸಲ ಮೀನಿಗೆ ಮೇವು ಹಾಕಿದೆನೋ ಇಲ್ಲವೋ ಎಂಬುದೇ ಮರೆತು ಎರಡು ಸಲ ಹಾಕಿಬಿಟ್ಟ.

ಊರಿನವರಂತೂ ತಲೆಗೊಂದು ಮಾತು ಹೇಳಿದರು. ಹಬೆಯಲ್ಲಿ ಬೇಯಿಸಿದ ಬಾವ್‌ಜಿ ಬನ್ನು ಮಾರುವವಳು ಬಿಳಿ ಬಣ್ಣವೇ ಸರಿ ಎಂದಳು. ಕ್ಷೌರದವನು ಹಳೆಯ ಕಾರನ್ನೇ ಕೊಳ್ಳಬೇಕೆಂದ. ಅವನ ಕುರ್ಚಿಯಲ್ಲಿ ಕುಳಿತಿದ್ದ ಗಿರಾಕಿ ಕನ್ನಡಿಯಲ್ಲೇ ತಲೆಯಾಡಿಸಿ, ಹಳೆಯದನ್ನು ಮುಟ್ಟಲೇಬೇಡ ಎಂದ.

ಎಲ್ಲರಿಗಿಂತ ಗಟ್ಟಿ ದನಿ ಯಾ-ರುವಿನ ಅಣ್ಣ ಪೋ-ಹಾವ್‌ನದು. ಎಲೆಯಡಿಕೆ ಜಗಿಯುತ್ತಾ ಬಂದು ಅತಿ ದೊಡ್ಡ ಕಾರಿನ ಚಿತ್ರದ ಮೇಲೆ ಬೆರಳಿಟ್ಟ.

"ಇದು ಕಾರು ಅಂದ್ರೆ! ಏಳು ಜನ ಕೂರಬಹುದು. ಇದ್ರಲ್ಲಿ ಹೋಗಿ ಇಳಿದು ನೋಡು, ಮೀನು ದಲ್ಲಾಳಿನೂ ಎದ್ದು ನಿಂತು ಮಾತಾಡಿಸ್ತಾನೆ."

"ನಾವಿರೋದು ನಾಲ್ಕು ಜನ, ಭಾವ."

"ಈಗ ನಾಲ್ಕು. ಮುಂದೆ? ಅದೂ ಅಲ್ದೆ ಇನ್ನೊಂದು ವಾರಕ್ಕೆ ಚಾಂದ್ರಮಾನ ಪಂಚಾಂಗದ ಏಳನೇ ತಿಂಗಳು ಶುರು. ಪ್ರೇತಗಳೆಲ್ಲ ಬೀದಿ ಸುತ್ತೋ ತಿಂಗಳಲ್ಲಿ ಹೊಸ ಗಾಡಿ ಮನೆಗೆ ತರ್ತೀಯಾ? ಅಂಗಡಿಯವನು ನನ್ನ ಗೆಳೆಯ. ಭಾನುವಾರದೊಳಗೆ ಸಹಿ ಹಾಕಿದ್ರೆ ನೆಲದ ಹಾಸು, ಗಾಜಿನ ಕಪ್ಪು ಹಾಳೆ ಎಲ್ಲ ಪುಕ್ಕಟೆ ಅಂದಿದ್ದಾನೆ."

ಅ-ಕುನ್‌ಗೆ ತಲೆ ಗಿರ್ರೆಂದಿತು. ಯಾರೋ ಒಬ್ಬರು ಇದೇ ಎಂದು ಹೇಳಿಬಿಟ್ಟರೆ ಸಾಕಪ್ಪ ಎನ್ನುವ ಹಾಗಾಗಿತ್ತು. "ಸರಿ ಭಾವ, ಶನಿವಾರ ಹೋಗೋಣ" ಎಂದುಬಿಟ್ಟ.

ಮಂಗಳವಾರ ಎಂದಿನಂತೆ ರೋಗಿಗಳ ವ್ಯಾನು ಬಾಗಿಲಿಗೆ ಬಂತು. ವಾರಕ್ಕೆ ಅದೊಂದು ದಿನ ಮಾತ್ರ ಅಮ್ಮನಿಗೆ ಆ ವ್ಯಾನಿನಲ್ಲಿ ಜಾಗ ಸಿಕ್ಕಿತ್ತು. ಅದನ್ನು ಓಡಿಸುವವಳು ಹುಯೇ-ಚೆನ್, ಐವತ್ತು ದಾಟಿದ ಹೆಂಗಸು. ಹದಿನಾಲ್ಕು ವರ್ಷಗಳಿಂದ ಊರಿನ ಕೈಲಾಗದವರನ್ನು ಹತ್ತಿಸಿ ಇಳಿಸಿ ಅವಳ ಸೊಂಟಕ್ಕೇ ಪಟ್ಟಿ ಬಂದಿತ್ತು. ಮೇಜಿನ ಮೇಲಿನ ರಾಶಿ ನೋಡಿ ಅವಳು ಬಾಗಿಲಲ್ಲೇ ನಿಂತಳು.

"ಏನೋ ಅ-ಕುನ್, ಇಷ್ಟೊಂದು ಕಾಗದ? ಚುನಾವಣೆಗೆ ನಿಂತ್ಯಾ?"

"ಕಾರು ತಗೋಬೇಕಕ್ಕ. ಒಂದು ಓದಿದ್ರೆ ಅದೇ ಸರಿ ಅನ್ಸುತ್ತೆ. ಇನ್ನೊಂದು ಓದೋಷ್ಟರಲ್ಲಿ ಮೊದಲ್ನೇದು ಮರ್ತೇ ಹೋಗುತ್ತೆ."

"ಕಾರಿನ ಸುದ್ದಿ ಆಮೇಲೆ. ಅದ್ರಲ್ಲಿ ಕೂರೋರು ಯಾರು?"

"ಮನೆಯವರು, ಇನ್ಯಾರು?"

"ಹಂಗಲ್ಲ, ಹೆಸರು ಹೇಳು. ಶನಿವಾರ ಆಸ್ಪತ್ರೆಗೆ ಓಡಿಸೋರು ಯಾರು?"

"ಯಾ-ರು ಓಡಿಸ್ತಾಳೆ. ಲೈಸನ್ಸ್ ಇದೆ. ನಾನು ಕೊಳ ಬಿಟ್ಟು ಬರೋದು ತಪ್ಪುತ್ತೆ."

"ಅವಳನ್ನ ಯಾವ್ದಾದ್ರೂ ಕಾರಲ್ಲಿ ಸ್ಟೀರಿಂಗ್ ಹಿಂದೆ ಕೂರಿಸಿ ನೋಡಿದ್ಯಾ?"

"ಇಲ್ಲ."

"ಮಗೂನ ಎಲ್ಲಿ ಕೂರಿಸ್ತೀಯಾ?"

"ಯಾ-ರು ಪಕ್ಕ... ಅಲ್ಲ, ಅಮ್ಮನ ತೊಡೆ ಮೇಲೆ..." ಅ-ಕುನ್ ತಡವರಿಸಿದ.

"ತೊಡೆ ಮೇಲಾ? ಮಗೂಗೆ ಅದರದೇ ಸೀಟು ಬೇಕು ಕಣೋ. ಹಿಂದಿನ ಸೀಟಿನ ಸಂದೀಲಿ ಕಬ್ಬಿಣದ ಕೊಂಡಿ ಇರುತ್ತೆ, ಅದಕ್ಕೆ ಕಚ್ಚಿಸಿ ಕಟ್ಟೋದು. ಕಾನೂನೂ ಅದನ್ನೇ ಹೇಳುತ್ತೆ."

"ಅಯ್ಯೋ ಅಕ್ಕ, ಅವೆಲ್ಲ ಮಾರೋರ ಮಾತು. ನಾವು ನಾಲ್ಕು ಜನ ಒಂದೇ ಸ್ಕೂಟರಲ್ಲಿ ಕೂತು ಬೆಳೆದೋರು. ಏನಾಯ್ತು ನಮಗೆ?"

ಹುಯೇ-ಚೆನ್ ಜಗಳಕ್ಕೆ ನಿಲ್ಲಲಿಲ್ಲ. ಬಾಗಿಲ ಬಳಿ ಆಡುತ್ತಿದ್ದ ತಾಂಗ್-ತಾಂಗ್‌ಳನ್ನು ಎತ್ತಿಕೊಂಡು ಅವನ ಮುಂದೆ ನಿಂತಳು. ಮಗುವಿನ ಗದ್ದದ ಮೇಲೆ ಪಟ್ಟಿ ಇನ್ನೂ ಇತ್ತು. ಅ-ಕುನ್ ತಲೆ ತಗ್ಗಿಸಿದ.

"ಇನ್ನೊಂದು ಕೇಳ್ತೀನಿ" ಎಂದಳು ಅವಳು. "ನಿಮ್ಮಮ್ಮನ್ನ ಕೇಳಿದ್ಯಾ?"

"ಅಮ್ಮನ್ನ ಏನಕ್ಕ ಕೇಳೋದು? ಅವಳಿಗೆ ಮಾತೇ ಹೊರಡಲ್ಲ."

"ಮಾತು ಹೊರಡಲ್ಲ, ಸರಿ. ಕೂರೋದು ಅವಳೇ ಅಲ್ವಾ? ಶನಿವಾರ ಅವಳನ್ನೂ ಕರ್ಕೊಂಡು ಹೋಗು. ಸಹಿ ಹಾಕೋಕೆ ಮುಂಚೆ ಒಂದ್ಸಲ ಹತ್ತಿಸಿ ಇಳಿಸಿ ನೋಡು. ನಿನ್ನ ಹತ್ರ ನಾನು ಇಷ್ಟೇ ಕೇಳೋದು."

ಶನಿವಾರ ಕಾರಿನ ಅಂಗಡಿಯಲ್ಲಿ ಗಾಲಿಕುರ್ಚಿ ಒಳಗೆ ಬಂದದ್ದು ನೋಡಿ ಪೋ-ಹಾವ್‌ಗೆ ಇರುಸುಮುರುಸಾಯಿತು. "ಅಮ್ಮನವರಿಗೆ ಯಾಕಯ್ಯಾ ತೊಂದ್ರೆ ಕೊಟ್ಟೆ? ಕಾರು ಮನೆಗೇ ಬರ್ತಿತ್ತಲ್ಲ!" ಎಂದ. ಅಂಗಡಿಯವನು ತಣ್ಣನೆಯ ಟೀ ಕೊಟ್ಟ. ಕಾಗದ, ಪೆನ್ನು ಮೇಜಿನ ಮೇಲೆ ತಯಾರಾಗಿದ್ದವು. ದೊಡ್ಡ ಕಾರು ನಡುವೆ ನಿಂತು ಥಳಥಳಿಸುತ್ತಿತ್ತು. ನಿಜ ಹೇಳಬೇಕೆಂದರೆ ಅ-ಕುನ್‌ಗೂ ಅದರ ಮೇಲೆ ಮನಸ್ಸಾಗಿತ್ತು. ಅವನು ಪೆನ್ನು ಕೈಗೆ ತೆಗೆದುಕೊಂಡ.

"ಅಮ್ಮನ್ನ ಒಂದ್ಸಲ ಹತ್ತಿಸೋಣ ಅಂದಿದ್ರಲ್ಲ" ಎಂದು ಯಾ-ರು ಮೆಲ್ಲಗೆ ನೆನಪಿಸಿದಳು.

ಕಾರಿನ ಸೀಟು ಚಿನ್-ಯೆಯ ಸೊಂಟಕ್ಕಿಂತ ಬಹಳ ಮೇಲಿತ್ತು. ಅವಳು ಎಡಗಾಲನ್ನು ಮೆಟ್ಟಿಲ ಮೇಲಿಟ್ಟಳು. ಬಲಗಾಲು ಹಿಂದೆಯೇ ಜೋತಾಡಿತು. ಹಿಡಿಯಲು ಏನಾದರೂ ಸಿಕ್ಕೀತೇ ಎಂದು ಎಡಗೈ ಗಾಳಿಯಲ್ಲಿ ತಡಕಾಡಿತು. ಅಂಗಡಿಯ ಇಬ್ಬರು ಹುಡುಗರು ಓಡಿಬಂದು ಕಂಕುಳಿಗೆ ಕೈಹಾಕಿ ಎತ್ತಿದರು. ಅವಳ ಚಪ್ಪಲಿ ಬಿತ್ತು. ಅಂಗಿ ಮೇಲೆ ಸರಿದು ಹೊಟ್ಟೆ ಕಾಣಿಸಿತು. ಬೇರೆ ಗಿರಾಕಿಗಳು ತಿರುಗಿ ನೋಡಿದರು.

"ಕೂತ್ರಲ್ಲ! ಅಷ್ಟೇ, ಏನೂ ಕಷ್ಟ ಇಲ್ಲ" ಎಂದ ಅಂಗಡಿಯವನು.

ಚಿನ್-ಯೆ ಅಷ್ಟು ಎತ್ತರದಲ್ಲಿ ಕುಳಿತು ಮಗನನ್ನೇ ನೋಡಿದಳು. ಬಾಯಿ ಒಂದೆಡೆ ಎಳೆಯಿತು. ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಒಂದು ಮಾತು ಹೊರಗೆ ಬಂತು.

"ಮೂಟೆ."

"ಏನಮ್ಮ?"

"ನಾನು... ಮೂಟೆ."

ಅ-ಕುನ್ ದಿನಾ ಮೀನಿನ ಮೇವಿನ ಮೂಟೆ ಹೊರುವವನು. ಎರಡು ವರ್ಷಗಳಿಂದ ತಾಯಿಯನ್ನೂ ನೀಲಿ ಗಾಡಿಗೆ ಎತ್ತಿ ಹಾಕುತ್ತಿದ್ದ. ಅವಳಿಗೆ ಅದರಿಂದ ಏನಾದರೂ ಅನ್ನಿಸುತ್ತದೆಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಅವನು ಪೆನ್ನನ್ನು ಮೇಜಿನ ಮೇಲಿಟ್ಟ.

"ಇವತ್ತು ಸಹಿ ಬೇಡ."

"ಹುಚ್ಚೇನಯ್ಯಾ?" ಪೋ-ಹಾವ್ ಸಿಡಿದ. "ನಾಳೆ ಬಿಟ್ರೆ ಪೂರಾ ಒಂದು ತಿಂಗಳು ಕಾಯ್ಬೇಕು!"

"ಕಾಯ್ತೀನಿ ಭಾವ."

ಹಾಗೆಂದನೇ ಹೊರತು, ಹೊರಗೆ ಬಂದಾಗ ಅವನ ಗೊಂದಲ ಇಮ್ಮಡಿಯಾಗಿತ್ತು. ಇದ್ದೊಂದು ಕಾರೂ ಕೈತಪ್ಪಿತ್ತು. ಭಾವ ಮುನಿಸಿಕೊಂಡು ಹೋಗಿದ್ದ. ಮುಂದೇನು ಎಂದು ಅವನಿಗೆ ತಿಳಿಯಲಿಲ್ಲ.

ಏಳನೇ ತಿಂಗಳು ಶುರುವಾಯಿತು. ಆ ತಿಂಗಳಲ್ಲಿ ಯಾರೂ ಕಾರು ಕೊಳ್ಳುವುದಿಲ್ಲವಾದ್ದರಿಂದ ಅಂಗಡಿಗಳು ಖಾಲಿ ಹೊಡೆಯುತ್ತಿದ್ದವು. ಮಾರುವವರಿಗೆ ಬೇಕಾದಷ್ಟು ಪುರುಸೊತ್ತು. ಹುಯೇ-ಚೆನ್ ತನ್ನ ರಜೆಯ ದಿನಗಳಲ್ಲಿ ಜೊತೆಗೆ ಬಂದಳು. ಗಾಲಿಕುರ್ಚಿ, ಪಕ್ಕದ ಮನೆಯಿಂದ ಕೇಳಿ ತಂದ ಮಗುವಿನ ಸೀಟು, ಅಮ್ಮ, ಮಗು, ಯಾ-ರು, ಎಲ್ಲರೂ ಅಂಗಡಿಯಿಂದ ಅಂಗಡಿಗೆ ಹೋದರು.

ತಗ್ಗಾದ ಕಾರಿನಲ್ಲಿ ಅಮ್ಮ ಸಲೀಸಾಗಿ ಕುಳಿತಳು, ಆದರೆ ಮೇಲೇಳಲು ಆಗಲಿಲ್ಲ. ಪುಟ್ಟ ಕಾರಿನ ಡಿಕ್ಕಿಯಲ್ಲಿ ಗಾಲಿಕುರ್ಚಿ ಹಿಡಿಸಲಿಲ್ಲ. ಕರೆಂಟಿನ ಕಾರು ಎಲ್ಲರಿಗೂ ಇಷ್ಟವಾಯಿತು, ಆದರೆ ಅದನ್ನು ಮನೆಯಲ್ಲಿ ಚಾರ್ಜ್ ಮಾಡಲು ಬೇರೆ ತಂತಿ ಎಳೆಸಬೇಕು, ಅವರದು ಬಾಡಿಗೆ ಮನೆ. ಪೋ-ಹಾವ್ ಹೇಳಿದ್ದ ದೊಡ್ಡ ಕಾರನ್ನೂ ಇನ್ನೊಮ್ಮೆ ನೋಡಿದರು. ಯಾ-ರು ಸ್ಟೀರಿಂಗ್ ಹಿಂದೆ ಕುಳಿತಾಗ ಹುಯೇ-ಚೆನ್ ತಾಂಗ್-ತಾಂಗ್‌ಳನ್ನು ಕಾರಿನ ಮೂತಿಯ ಮುಂದೆ ನಿಲ್ಲಿಸಿದಳು.

"ಮಗು ಕಾಣ್ತಾಳಾ?"

"ಎಲ್ಲಿದ್ದಾಳೆ?" ಯಾ-ರು ಕತ್ತು ಚಾಚಿದಳು. ಕುಳ್ಳಗಿನ ಅವಳಿಗೆ ಮಗಳ ಜುಟ್ಟು ಕೂಡ ಕಾಣಲಿಲ್ಲ. ಅವಳು ಗಾಬರಿಯಿಂದ ಕೆಳಗಿಳಿದಳು.

ಕೊನೆಗೆ ಸಿಕ್ಕಿದ್ದು ಡಬ್ಬಿಯಂತಹ ಒಂದು ಕಾರು. ಹಿಂದಿನ ಬಾಗಿಲು ರೈಲಿನದರಂತೆ ಪಕ್ಕಕ್ಕೆ ಸರಿಯುತ್ತಿತ್ತು. ನೋಡಲು ಏನೇನೂ ಚೆಂದವಿರಲಿಲ್ಲ.

"ಇದಾ?" ಅ-ಕುನ್ ಮುಖ ಹುಳ್ಳಗೆ ಮಾಡಿದ. "ಇದು ಬ್ರೆಡ್ಡಿನ ತುಂಡಿದ್ದಂಗಿದೆ."

"ಬ್ರೆಡ್ಡನ್ನ ಆಮೇಲೆ ಬೈಯುವಂತೆ" ಎಂದಳು ಹುಯೇ-ಚೆನ್. "ಬಲಗಡೆ ಬಾಗಿಲಿಂದ ಅಮ್ಮನ್ನ ಕರ್ಕೊಂಡು ಬಾ. ಬೆನ್ನು ಸೀಟಿಗೆ ಇರ್ಲಿ. ಹಾಂ. ಈಗ ಅವಳ ಎಡಗೈ ಎಲ್ಲಿಗೆ ಬಂತು ನೋಡು."

ಬಾಗಿಲ ಕಂಬಕ್ಕೆ ಉದ್ದನೆಯ ಹಿಡಿಕೆ ಇತ್ತು. ಚಿನ್-ಯೆಯ ಗಟ್ಟಿಗೈಗೆ ಅದು ಸರಿಯಾಗಿ ಸಿಕ್ಕಿತು. ಸೀಟು ಅವಳ ಸೊಂಟದ ಎತ್ತರಕ್ಕೇ ಇತ್ತು. ಅವಳು ಹಿಡಿಕೆ ಹಿಡಿದು ಕುಳಿತು, ಬಲಗಾಲನ್ನು ಎಡಗೈಯಿಂದ ತಾನೇ ಎತ್ತಿ ಒಳಗಿಟ್ಟುಕೊಂಡಳು. ಯಾರೂ ಅವಳನ್ನು ಮುಟ್ಟಿರಲಿಲ್ಲ.

ಪಕ್ಕದಲ್ಲಿ ಮಗುವಿನ ಸೀಟು ಕೊಂಡಿಗೆ ಕಚ್ಚಿಕೊಂಡಿತು. ಹಿಂದೆ ಗಾಲಿಕುರ್ಚಿ ಹಿಡಿಸಿತು. ಯಾ-ರು ಕೊಳಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಓಡಿಸಿ ನೋಡಿ, ತಿರುಗಿಸಲು ಸುಲಭ ಎಂದಳು.

ಅ-ಕುನ್ ಖುಷಿಯಿಂದ, "ಹಂಗಾದ್ರೆ ಇದ್ರಲ್ಲೇ ಎಲ್ಲಕ್ಕಿಂತ ಅಗ್ಗದ್ದು ಕೊಡಿ" ಎಂದ.

"ತಡಿ" ಎಂದು ಹುಯೇ-ಚೆನ್ ಮಾರುವವನ ಕಡೆ ತಿರುಗಿದಳು. "ಗುದ್ದಿಸಿ ಪರೀಕ್ಷೆ ಮಾಡಿ ಐದು ನಕ್ಷತ್ರ ಕೊಟ್ಟಿದ್ದಾರಲ್ಲ, ಅದು ಯಾವ ನಮೂನೆಗೆ?"

ಮಾರುವವನು ಕೆಮ್ಮಿದ. "ಅದು... ಮೇಲಿನ ನಮೂನೆಗೆ. ಅಗ್ಗದ್ದರಲ್ಲಿ ಪಕ್ಕದ ಏರ್‌ಬ್ಯಾಗ್ ಬರಲ್ಲ. ತಾನಾಗಿ ಬ್ರೇಕ್ ಹಾಕೋದೂ ಇರಲ್ಲ."

"ಕೇಳಿಸ್ತಾ ಅ-ಕುನ್? ಕಾರಿನ ಹೆಸರು ಒಂದೇ, ಒಳಗಿರೋದು ಬೇರೆ ಬೇರೆ. ಚಾವಣಿಗೆ ಗಾಜು, ಚಕ್ರಕ್ಕೆ ಹೊಳಪು ಇವನ್ನ ಬಿಡು. ಪ್ರಾಣ ಕಾಯೋದನ್ನ ಬಿಡಬೇಡ."

ಎಂಟನೇ ತಿಂಗಳ ಮೊದಲ ವಾರ ಕಾರು ಮನೆಗೆ ಬಂತು. ಪೋ-ಹಾವ್ ಮುನಿಸು ಮರೆತು ನೋಡಲು ಬಂದ. ಸುತ್ತಲೂ ಒಂದು ಸುತ್ತು ಹಾಕಿ, "ಬ್ರೆಡ್ಡೇ ಸರಿ" ಎಂದು ನಕ್ಕ.

ಯಾ-ರು ಸ್ಟೀರಿಂಗ್ ಹಿಂದೆ ಕುಳಿತಳು. ಅ-ಕುನ್ ಮಗುವನ್ನು ಅದರ ಸೀಟಿನಲ್ಲಿ ಕಟ್ಟಿದ. ಚಿನ್-ಯೆ ಹತ್ತಲು ಹೊತ್ತು ಹಿಡಿಯಿತು. ಅ-ಕುನ್ ಅಭ್ಯಾಸಬಲದಿಂದ ಕೈ ಚಾಚಿದಾಗ ಅವಳು "ಇರು" ಎಂದು ಗದರಿದಳು. ಹಿಡಿಕೆ ಹಿಡಿದಳು, ಕುಳಿತಳು, ಕಾಲು ಎತ್ತಿಟ್ಟುಕೊಂಡಳು. ಬಾಗಿಲು ಸರಿದು ಮುಚ್ಚಿಕೊಂಡಿತು.

"ಎಲ್ಲಿಗೆ ಹೋಗೋಣ ಅತ್ತೆ?" ಎಂದು ಯಾ-ರು ಸುಮ್ಮನೆ ಕೇಳಿದಳು. ಎರಡು ವರ್ಷಗಳಿಂದ ಅತ್ತೆ ಹೋಗುತ್ತಿದ್ದುದು ಆಸ್ಪತ್ರೆಗೆ ಮಾತ್ರ.

ಚಿನ್-ಯೆಯ ಬಾಯಿ ಬಹಳ ಹೊತ್ತು ಒದ್ದಾಡಿತು. ಎಲ್ಲರೂ ಕಾದರು.

"ಸಮುದ್ರ" ಎಂದಳು.

ಓದುವವರೇ, ಕೇಳುವವರೇ, ನಿಮ್ಮ ಮನೆಗೂ ಒಂದು ದಿನ ಕಾರಿನ ಪುಸ್ತಿಕೆಗಳು ಬಂದು ಬೀಳುತ್ತವೆ, ನಿಮ್ಮ ತಲೆಯೂ ಕೆಡುತ್ತದೆ. ಆಗ ಪುಸ್ತಿಕೆ ಮುಚ್ಚಿಟ್ಟು ಮನೆಯವರನ್ನು ಎಣಿಸಿ. ಓಡಿಸುವವರು ಯಾರು, ಹತ್ತಲು ಕಷ್ಟವಾಗುವುದು ಯಾರಿಗೆ ಎಂದು ಕೇಳಿಕೊಳ್ಳಿ. ಅವರೆಲ್ಲರನ್ನೂ ಅಂಗಡಿಗೆ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿ. ಮಗುವಿಗೆ ಅದರದೇ ಸೀಟು ಕಟ್ಟಿಸಿ. ಸುರಕ್ಷತೆಯ ನಕ್ಷತ್ರ ನೀವು ಕೊಳ್ಳುವ ನಮೂನೆಗೇ ಸಿಕ್ಕಿದೆಯೇ ಎಂದು ಬಾಯಿಬಿಟ್ಟು ವಿಚಾರಿಸಿ. ಇವತ್ತೇ ಸಹಿ ಹಾಕಿ ಎಂದು ಯಾರಾದರೂ ಅವಸರಪಡಿಸಿದರೆ ಪೆನ್ನು ಕೆಳಗಿಟ್ಟು ಮನೆಗೆ ಬನ್ನಿ. ಮಾತು ಬಾರದವರು ಮನೆಯಲ್ಲಿದ್ದರೆ ಅವರನ್ನೇ ಮೊದಲು ಕೇಳಿ. ಉತ್ತರ ಬರುವವರೆಗೆ ಕಾಯಿರಿ.