ಮಷಿನ್ನಿನ ಜೋಗುಳ

ಅಂಜಿನಕ್ಕನ ರವಿಕೆ ಹತ್ತು ಗಂಟೆಗೇ ತೊಯ್ದಿತ್ತು. ಬರೀ ಬೆವರಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಲು ಸೋರಿ ಮೊರದೊಳಗೆ ಬೀಳುತ್ತಿತ್ತು.

ಮೇಸ್ತ್ರಿ ಜಂಬಣ್ಣ ಬಂದು ನಿಂತ.

“ಏನಬೇ ಇದು? ಶೇಂಗಾ ತೊಯ್ಸಾಕ ಹತ್ತೀಯಲ್ಲ. ಹಸಿ ಆದ್ರ ಬೂಸರು ಹಿಡಿತಾವು. ದೂರ ಕೂಡ್ರು.”

“ಕೂಸಿಗೆ ಒಂದೀಟು ಮೊಲಿ ಕೊಟ್ಟು ಬರ್ತೀನ್ರಿ ಅಣ್ಣಾರ.”

“ಮುಂಜಾನಿ ಒಂದು ಸಲ, ಊಟಕ್ಕ ಬಿಟ್ಟಾಗ ಒಂದು ಸಲ. ನಡುವ ಎದ್ದಾಕಿ ಹಂಗ ಮನಿಗೆ ಹೋಗಬೇಕು. ಸಾಹುಕಾರ್ರು ಹೇಳಿಲ್ಲೇನು? ಹಾಲು ಕೊಡದಂಗ ಮಲಗ್ಸಾದು ಕಲೀರಿ. ಏನರ ಮಾಡ್ರಿ.”

ಕೊಟ್ಟೂರಿನ ಆ ಶೇಂಗಾ ಮಿಲ್ಲಿನಲ್ಲಿ ಮೂವತ್ತು ಹೆಂಗಸರು ಕೂತು ಬೀಜ ಆರಿಸುತ್ತಿದ್ದರು. ಅಂಜಿನಕ್ಕನ ಗಂಡ ಅಲ್ಲಿಯೇ ಹಮಾಲಿ ಮಾಡುತ್ತಿದ್ದವನು, ಚೀಲ ಹೊತ್ತು ನಡು ಹಿಡಿದುಕೊಂಡು ಮನೆಯಲ್ಲಿ ಬಿದ್ದಿದ್ದ. ಅದಕ್ಕೇ ಅವಳು ಐದು ತಿಂಗಳ ಕೂಸನ್ನು ಕಟ್ಟಿಕೊಂಡು ಬಂದಿದ್ದಳು. ಕೂಸೋ, ಮೊಲೆ ಬಾಯಿಗಿಡದೆ ಕಣ್ಣು ಮುಚ್ಚುತ್ತಿರಲಿಲ್ಲ. ವಾರದೊಳಗೆ ಅದಕ್ಕೆ ಹಾಲಿಲ್ಲದೆ ಮಲಗುವ ರೂಢಿ ಮಾಡಿಸದಿದ್ದರೆ ಅವಳ ಜಾಗಕ್ಕೆ ಬರಲು ಗೇಟಿನ ಹೊರಗೆ ಹತ್ತು ಮಂದಿ ನಿಂತಿದ್ದರು. ಹಾಲು ಕುಡಿಯುವ ಕೂಸಿಗೆ ಗೇಟು ಗೊತ್ತೆ, ಸಾಹುಕಾರ ಗೊತ್ತೆ?

ಪಕ್ಕದಲ್ಲಿ ಕೂರುವ ಶರೀಫಾ ಬೀ ಅಲ್ಲಿಯ ಹಳಬಳು.

“ನೀ ಉಟ್ಟ ಸೀರಿ ತುಂಡು ಜೋಲ್ಯಾಗ ಹಾಕು ತಂಗಿ. ಜೋಲಿ ಮಷಿನ್ ಬಾಜೂಕ ಕಟ್ಟು. ಆ ಸದ್ದಿಗೆ ತಾನ ಮಲಗತೈತಿ. ನನ್ನವು ಮೂರೂ ಹಂಗ ಮಲಗ್ಯಾವು.”

ಶೇಂಗಾ ಒಡೆಯುವ ಮಷಿನ್ನು ದಿನವಿಡೀ ದಡ್ ದಡ್ ಎಂದು ಬಡಿದುಕೊಳ್ಳುತ್ತಿತ್ತು. ನಾಲ್ಕು ದಿನ ಕೂಸು ಅದರ ಪಕ್ಕದ ಜೋಲಿಯಲ್ಲಿ ಅತ್ತು ಅತ್ತು ಸೋತು ಮಲಗಿತು. ಆ ಅಳು ಮೇಸ್ತ್ರಿಗೆ ಕೇಳಲಿಲ್ಲ. ತಾಯಿಗೆ ಕೇಳಿತು. ಐದನೆಯ ದಿನ ಅದು ಅಳಲೇ ಇಲ್ಲ.

“ನೋಡ್ದೇನು, ಕಲಿಸಿದ್ರ ಕಲಿತಾವು,” ಎಂದ ಜಂಬಣ್ಣ.

ಮನೆಯಲ್ಲಿ ಮಾತ್ರ ಬೇರೆ ಪಾಡು. ಮೊಲೆ ಕೊಟ್ಟರೂ ಕೂಸು ಕಣ್ಣು ಬಿಟ್ಟುಕೊಂಡು ಏನನ್ನೋ ಹುಡುಕುತ್ತಿತ್ತು. ಹೆತ್ತ ತನಗಿಂತ ಮಷಿನ್ನಿಗೇ ಹೊಂದಿಕೊಂಡಿತಲ್ಲ ಎಂದು ಅಂಜಿನಕ್ಕನಿಗೆ ಹೊಟ್ಟೆ ಉರಿಯಿತು. ಮಿಲ್ಲು ಬಿಡುವ ಹಾಗಿಲ್ಲ, ಮನೆಯಲ್ಲಿ ನಿದ್ದೆಯಿಲ್ಲ.

ಮುಂದಿನ ಬುಧವಾರ ಹನ್ನೊಂದಕ್ಕೆ ಕರೆಂಟು ಹೋಯಿತು. ಮಷಿನ್ನು ನಿಂತದ್ದೇ ತಡ, ಅಂಜಿನಕ್ಕನದೂ ಸೇರಿ ಅಲ್ಲಿ ಕಟ್ಟಿದ್ದ ನಾಲ್ಕು ಜೋಲಿಗಳಲ್ಲಿ ನಾಲ್ಕು ಕೂಸುಗಳು ಒಮ್ಮೆಲೇ ಕಿರುಚಿದವು. ಅಂಜಿನಕ್ಕ ಅರ್ಧ ಎದ್ದಳು.

“ಕೂಡ್ರು,” ಎಂದ ಜಂಬಣ್ಣ. “ಕರೆಂಟ್ ಹೋಗಿದ್ದು ಮಷಿನ್ನಿಗೆ. ನಿನ್ನ ಕೈಗಲ್ಲ.”

“ಸದ್ದಿಲ್ಲದ ಅವು ಮಲಗಂಗಿಲ್ರಿ.”

“ಹಂಗಾದ್ರ ಸದ್ದು ಮಾಡು.”

ಶರೀಫಾ ಬೀ ತಲೆ ಎತ್ತಿ ಅವನನ್ನು ನೋಡಿದಳು. ಮೊರದಲ್ಲಿದ್ದ ಬೀಜ ನೆಲಕ್ಕೆ ಸುರಿದು, ಮೊರ ಬೋರಲು ಹಾಕಿ, ಅಂಗೈಯಿಂದ ಬಡಿಯತೊಡಗಿದಳು. ದಡ್ ದಡ್. ಆಚೆ ಕೂತಿದ್ದ ಈರಕ್ಕನೂ ತನ್ನ ಮೊರ ಸುರಿದಳು. ನೋಡುನೋಡುತ್ತ ಮೂವತ್ತು ಮೊರಗಳೂ ಬೋರಲಾದವು.

“ಏನಿದು? ಬೀಜ ಆರಿಸ್ರಿ.”

“ಸಾಹುಕಾರ್ರ ಮಾತು ನಡಸಾಕ ಹತ್ತೀವ್ರಿ,” ಎಂದಳು ಶರೀಫಾ ಬೀ. “ಹಾಲು ಕೊಡದಂಗ ಮಲಗಿಸಬೇಕಲ್ಲ. ಅದಕ್ಕ ಎರಡೂ ಕೈ ಬೇಕಾಗತಾವು.”

ಮೂರು ಕೂಸುಗಳು ಸುಮ್ಮನಾದವು. ಅಂಜಿನಕ್ಕನದು ಆಗಲಿಲ್ಲ. ಅದಕ್ಕೆ ನಿದ್ದೆ ಬಂದಿರಲಿಲ್ಲ, ಹಸಿವಾಗಿತ್ತು. ಅವಳು ಎದ್ದು ಹೋಗಿ ಕೂಸನ್ನು ಎತ್ತಿಕೊಂಡು, ಜಂಬಣ್ಣನ ಸ್ಟೂಲಿನ ಮೇಲೆಯೇ ಕೂತು, ಸೆರಗು ಮುಚ್ಚಿ ಮೊಲೆ ಕೊಟ್ಟಳು.

“ನೀ ಇನ್ನ ಗೇಟ್ ಹೊರಗ,” ಎಂದ ಅವನು.

“ಕೂಸು ಉಣ್ಣಾಕ ಹತ್ತೈತಿ. ಆಮ್ಯಾಲ ಮಾತಾಡ್ರಿ.”

“ಆಕಿ ಹೊರಗಂದ್ರ ನಾವೂ ಹೊರಗ,” ಎಂದಳು ಈರಕ್ಕ, ಬಡಿಯುವುದನ್ನು ನಿಲ್ಲಿಸದೆ.

ಅರ್ಧ ಗಂಟೆಗೆ ಕರೆಂಟು ಬಂತು. ಮಷಿನ್ನು ಮತ್ತೆ ಶುರುವಾಯಿತು. ಮೊರಗಳು ನಿಲ್ಲಲಿಲ್ಲ.